ಬಿರುಗಾಳಿ ಮಳೆಯ ಮರುದಿನ: ಹಾನಿಗೊಂಡ ಮನೆಯ ಪರಿಶೀಲನೆ

(ಗ್ರಾಮ ಪಂಚಾಯಿತಿ ಸದಸ್ಯರ ಮುಂಗಾರು ಪೂರ್ವಸಿದ್ಧತಾ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ ಮಧ್ಯಾಹ್ನದವರೆಗೆ ಉರಿಬಿಸಿಲಿದ್ದು, ಸಂಜೆಯ ಹೊತ್ತಿಗೆ ಕರಿಮೋಡ ಕವಿದು, ಅರ್ಧ ಗಂಟೆಯೊಳಗೆ ಗಾಳಿ, ಗುಡುಗು, ಕೆಲವೆಡೆ ಆಲಿಕಲ್ಲು ಒಟ್ಟಿಗೆ ಎರಗುತ್ತವೆ. ಆಷಾಢದ ಮಳೆ ದಿನಗಟ್ಟಲೆ ನೆನೆಸಿ ಗೋಡೆಯನ್ನು ಕೆಡಹುತ್ತದೆ. ಮುಂಗಾರು ಪೂರ್ವದ ಗಾಳಿಮಳೆ ಕ್ಷಣಮಾತ್ರದಲ್ಲಿ ಮಾಡನ್ನು ಹಾರಿಸಿ, ನೆನೆಸುವ ಕೆಲಸವನ್ನು ಮುಂದಿನ ಮಳೆಗೆ ಬಿಟ್ಟುಹೋಗುತ್ತದೆ. ಮರುದಿನ ಬೆಳಿಗ್ಗೆ ಹೆಂಚು ಹಾರಿದ ಮನೆಯವರು ಮೊದಲು ಬರುವುದು ವಾರ್ಡಿನ ಸದಸ್ಯರ ಬಾಗಿಲಿಗೆ. ಗ್ರಾಮ ಆಡಳಿತಾಧಿಕಾರಿಯಾಗಲಿ ಇಂಜಿನಿಯರಾಗಲಿ ತಲುಪುವ ಮುನ್ನವೇ ಸದಸ್ಯರು ಸ್ಥಳದಲ್ಲಿರುತ್ತಾರೆ.

ಆ ಮೊದಲ ಗಂಟೆಗಳಲ್ಲಿ ಎರಡು ಪ್ರಶ್ನೆಗಳು ಇತ್ಯರ್ಥವಾಗಬೇಕಾಗುತ್ತವೆ. ಆ ರಾತ್ರಿ ಕುಟುಂಬವು ಅದೇ ಸೂರಿನಡಿ ಮಲಗಬಹುದೇ ಎಂಬುದು ಒಂದು. ಹಾನಿಯು ಇದ್ದಂತೆಯೇ ದಾಖಲಾಗುವುದೇ ಎಂಬುದು ಇನ್ನೊಂದು. ಎರಡನೆಯದರಲ್ಲಿ ತಪ್ಪಾದರೆ ಅರ್ಜಿ, ಮೇಲ್ಮನವಿ, ಓಡಾಟಗಳಿಂದ ಸರಿಪಡಿಸುವ ಅವಕಾಶ ಉಳಿದಿರುತ್ತದೆ. ಮೊದಲನೆಯದರಲ್ಲಿ ತಪ್ಪಾದರೆ ಸರಿಪಡಿಸಲು ಏನೂ ಉಳಿಯುವುದಿಲ್ಲ. ಆದಾಗ್ಯೂ ಸಾಮಾನ್ಯವಾಗಿ ಜನರೂ ಸದಸ್ಯರೂ ಎರಡನೆಯದರ ಬಗ್ಗೆಯೇ ಮೊದಲು ಮಾತನಾಡುತ್ತಾರೆ.

ಗಾಳಿ ಮಾಡನ್ನು ಹೇಗೆ ಕೀಳುತ್ತದೆ ಎಂಬುದನ್ನು ತಿಳಿದರೆ ಎಲ್ಲಿ ನೋಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಗಾಳಿಯು ಮಾಡನ್ನು ಕೆಳಗೆ ಒತ್ತುತ್ತದೆ ಎಂಬುದು ಸಾಮಾನ್ಯ ಊಹೆ. ಇಳಿಜಾರು ಕಡಿಮೆಯಿರುವ ಮಾಡಿನ ಮೇಲೆ ವೇಗವಾಗಿ ಹಾಯುವ ಗಾಳಿ ವಾಸ್ತವವಾಗಿ ಅದನ್ನು ಮೇಲಕ್ಕೆ ಹೀರುತ್ತದೆ. ತೆರೆದ ಬಾಗಿಲು ಕಿಟಕಿಗಳಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 24 ಕಿಲೋ ಭಾರಕ್ಕೆ ಸಮ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು ಚದರ ಮೀಟರಿಗೆ ಸುಮಾರು ಐದು ಕಿಲೋ ಮಾತ್ರ ತೂಗುತ್ತದೆ. ಆದುದರಿಂದ ಶೀಟಿನ ಮಾಡು ನಿಂತಿರುವುದು ತನ್ನ ತೂಕದಿಂದಲ್ಲ, ಬೋಲ್ಟು ಕೊಕ್ಕೆಗಳಿಂದ. ಕಟ್ಟಡಗಳ ವಿನ್ಯಾಸಕ್ಕೆಂದು ಭಾರತೀಯ ಮಾನಕವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿವೇಗವನ್ನು ನಿಗದಿಪಡಿಸಿದೆ. ಎರಡನೆಯದು ಗಂಟೆಗೆ ಸುಮಾರು 140 ಕಿಲೋಮೀಟರ್. ಎರಡು ಕಲ್ಲು ಹೇರಿ ಶೀಟನ್ನು ಭದ್ರವಾಗಿಸಿದೆ ಎಂದು ನೆಮ್ಮದಿಯಿಂದಿರುವವರಿಗೆ ಈ ಲೆಕ್ಕವನ್ನು ಹೇಳಬೇಕಾಗಿದೆ. ಅಂತಹ ಕಲ್ಲು ಶೀಟಿನೊಡನೆ ಹಾರಿ ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತದೆ.

ಈ ಹೀರುವಿಕೆ ಮಾಡಿನ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಸೂರಿನ ಅಂಚು, ಮೂಲೆಗಳು ಮತ್ತು ನೆತ್ತಿಯಲ್ಲಿ ಅತ್ಯಧಿಕ. ಮಂಗಳೂರು ಹೆಂಚಿನ ಮಾಡು ಶೀಟಿಗಿಂತ ಭಾರವಾದುದರಿಂದ ಹೆಚ್ಚು ತಡೆಯುತ್ತದೆ, ಆದರೆ ಅಂಚಿನ ಸಾಲೊಂದು ಎದ್ದಿತೆಂದರೆ ಅದರ ಮೇಲಿನ ಸಾಲು ಆಸರೆಯಿಲ್ಲದಾಗುತ್ತದೆ. ನಡುವಿನ ಹೆಂಚುಗಳೆಲ್ಲ ಸುಸ್ಥಿತಿಯಲ್ಲಿದ್ದು ಸೂರಿನ ಒಂದೇ ಸಾಲು ಹೋಗಿರುವ ಮನೆಯನ್ನು ‘ಏನೂ ಆಗಿಲ್ಲ’ ಎಂದು ಬಿಟ್ಟುಬಂದರೆ ಮುಂದಿನ ಗಾಳಿಗೆ ಆ ಮಾಡು ಉಳಿಯುವುದು ಅನುಮಾನ.

ಇನ್ನು ಮನೆಯ ಬಳಿಗೆ. ಅಂಗಳಕ್ಕೆ ಕಾಲಿಡುವ ಮೊದಲು ನಿಂತು ತಲೆಯೆತ್ತಿ ನೋಡಬೇಕಾದುದು ವಿದ್ಯುತ್ ತಂತಿಯನ್ನು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಜೋತಿದೆಯೇ, ಹರಿದಿದೆಯೇ, ತಗಡಿನ ಶೀಟಿಗೆ ತಾಗಿದೆಯೇ, ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯ ಮೇಲೆ ಬಿದ್ದಿದೆಯೇ ಎಂಬುದನ್ನು ದೂರದಿಂದಲೇ ಪರಿಶೀಲಿಸತಕ್ಕದ್ದು. ಒದ್ದೆ ಬಟ್ಟೆಯ ತಂತಿಯನ್ನು ಬೆಳಿಗ್ಗೆ ಮೊದಲು ಮುಟ್ಟುವವರು ಮನೆಯ ಹೆಣ್ಣುಮಕ್ಕಳು. ತಂತಿ ನೆಲಕ್ಕೆ ಬಿದ್ದಿದ್ದರೆ ಅದರಲ್ಲಿ ವಿದ್ಯುತ್ ಇದೆಯೆಂದೇ ಭಾವಿಸಿ, ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬರುವವರೆಗೆ ಒಬ್ಬರನ್ನು ಕಾವಲಿರಿಸುವುದು. ಕೋಲಿನಿಂದ ತಂತಿಯನ್ನು ಸರಿಸುವ ಸಾಹಸ ಬೇಡ. ಮಳೆಯಲ್ಲಿ ನೆನೆದ ಕೋಲು ರಕ್ಷಣೆ ನೀಡದು. ಊರಿಗೆಲ್ಲ ಕರೆಂಟಿಲ್ಲ ಎಂಬ ಮಾತೂ ಭರವಸೆಯಲ್ಲ, ಯಾವ ಕ್ಷಣದಲ್ಲಾದರೂ ಸಂಪರ್ಕ ಮರಳಬಹುದು. ಯುಪಿಎಸ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಆರಿಸಿದ ಮೇಲೂ ಗೋಡೆಯೊಳಗಿನ ಕೆಲವು ತಂತಿಗಳಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಅಡುಗೆ ಅನಿಲದ ವಾಸನೆಯಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ತಿಳಿಸುವುದು.

ಅನಂತರ ಮನೆಗೆ ಒಂದು ಸುತ್ತು. ಮನೆಯ ಯಜಮಾನರಾಗಲಿ ಗೃಹಿಣಿಯಾಗಲಿ ಜೊತೆಯಲ್ಲಿರಲಿ. ಯಾವ ಬಿರುಕು ಹಳೆಯದು, ಯಾವುದು ನಿನ್ನೆಯದು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ದೂರ ನಿಂತು ಮಾಡಿನ ನೆತ್ತಿಯ ಗೆರೆಯನ್ನು ನೋಡಬೇಕು. ಅದು ಎಲ್ಲಿಯಾದರೂ ಕುಸಿದು ಬಳುಕಿದ್ದರೆ ಒಳಗಿನ ತೊಲೆ ಮುರಿದಿದೆ ಅಥವಾ ಗೋಡೆಯ ಮೇಲಿನ ತನ್ನ ಜಾಗದಿಂದ ಜಾರಿದೆ. ಹೆಂಚು ಎಷ್ಟು ಹೋಯಿತೆಂದು ಎಣಿಸುವುದಕ್ಕಿಂತ ಇದು ಮುಖ್ಯವಾದ ಸಂಗತಿ. ಹೆಂಚು ಹೋದ ಮಾಡು ಸೋರುತ್ತದೆ, ತೊಲೆ ಜಾರಿದ ಮಾಡು ಬೀಳುತ್ತದೆ.

ಮಾಡನ್ನು ನೋಡಲು ಯಾರೂ ಅದರ ಮೇಲೆ ಹತ್ತಬಾರದು. ವಿಶೇಷವಾಗಿ ಸಿಮೆಂಟ್ ಶೀಟು ಹಳತಾದಂತೆ ಪೆಡಸಾಗಿ, ಮನುಷ್ಯನ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಶೀಟು ಸರಿಪಡಿಸಲು ಹತ್ತಿ ಒಳಗೆ ಬಿದ್ದವರ ಕಥೆ ಪ್ರತಿ ಊರಿನಲ್ಲೂ ಇದೆ. ಹತ್ತಲೇಬೇಕಾದ ಕೆಲಸದವರು ಅಡಿಯ ಮರಗಳ ಮೇಲೆ ಬರುವಂತೆ ಅಗಲವಾದ ಹಲಗೆ ಹಾಸಿಕೊಂಡು ನಡೆಯಲಿ. ಒಡೆದ ಸಿಮೆಂಟ್ ಶೀಟಿನ ಚೂರುಗಳನ್ನು ಒಣಗಿದ ಸ್ಥಿತಿಯಲ್ಲಿ ಗುಡಿಸದೆ, ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆಯುವುದು. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಮಾಡಿನ ಉಳಿದ ಪರಿಶೀಲನೆ ಒಳಗಿನಿಂದ. ಹಗಲಿನಲ್ಲಿ ದೀಪವಾರಿಸಿ ನೋಡಿದರೆ ಬೆಳಕಿನ ಚುಕ್ಕೆಗಳೇ ಹೆಂಚು ಸರಿದ ಜಾಗಗಳನ್ನು ತೋರಿಸುತ್ತವೆ. ಮರದ ಮೇಲಿನ ನೀರಿನ ಕಲೆ, ರೀಪಿನ ಮೊಳೆ ಎದ್ದಿರುವುದು, ತೊಲೆಯ ತುದಿ ಗೋಡೆಗೆ ಸೇರುವಲ್ಲಿ ಹೊಸದಾಗಿ ಉದುರಿದ ಮಣ್ಣು, ಇವು ಗಾಳಿ ಮಾಡನ್ನು ಎತ್ತಿ ಇಳಿಸಿದ ಗುರುತುಗಳು. ಹೊರಗಿನಿಂದ ಎಲ್ಲವೂ ಸ್ವಸ್ಥಾನದಲ್ಲಿ ಇರುವಂತೆ ಕಂಡರೂ ಒಮ್ಮೆ ಎದ್ದು ಕುಳಿತ ಮಾಡಿನ ಮೊಳೆಗಳು ಮತ್ತೊಮ್ಮೆ ಹಿಡಿಯಲಾರವು. ಗೆದ್ದಲು ತಿಂದ ಮರವನ್ನು ಚೂಪಾದ ಮೊಳೆಯಿಂದ ಚುಚ್ಚಿ ನೋಡಬಹುದು. ಸುಲಭವಾಗಿ ಒಳಹೋದರೆ ಆ ಮರವನ್ನು ಲೆಕ್ಕದಿಂದ ಬಿಡತಕ್ಕದ್ದು.

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳದು ಬೇರೆಯೇ ವಿಚಾರ. ಅವುಗಳನ್ನು ಗಾಳಿ ಏನೂ ಮಾಡದು, ನೀರು ಮಾಡುತ್ತದೆ. ಒಂದು ಅಡಿ ದಪ್ಪದ ಮಣ್ಣಿನ ಪದರ ಒಣಗಿದ್ದಾಗಲೇ ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ನೀರು ಕುಡಿದಾಗ ಈ ಭಾರ ಇನ್ನಷ್ಟು ಹೆಚ್ಚುತ್ತದೆ, ಅದೇ ಹೊತ್ತಿಗೆ ಜಂತೆಗಳು ನೆನೆದು ದುರ್ಬಲವಾಗುತ್ತವೆ. ಮಾಳಿಗೆಯ ನೀರು ಹೊರಹೋಗುವ ದೋಣಿ ಕಟ್ಟಿಕೊಂಡಿದೆಯೇ, ಜಂತೆ ನಡುವೆ ಬಾಗಿದೆಯೇ, ಮೇಲಿನಿಂದ ಮಣ್ಣಿನ ಹುಡಿ ಉದುರುತ್ತಿದೆಯೇ ಎಂದು ನೋಡಬೇಕು. ಮನೆಯವರು ರಾತ್ರಿ ‘ಚಟಚಟ’ ಸದ್ದು ಕೇಳಿಸಿತೆಂದು ಹೇಳಿದರೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ. ಕುಟುಂಬವನ್ನು ಕೂಡಲೇ ಹೊರಗೆ ಕರೆತರುವುದು.

ಗೋಡೆಯ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಜೀವಹಾನಿಯ ಅಪಾಯ ಹೆಚ್ಚಾಗಿರುವುದು ಅಲ್ಲಿಯೇ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಮಣ್ಣಿನ ಗೋಡೆಗೆ ಅಕ್ಷರಶಃ ಅನ್ವಯಿಸುತ್ತದೆ. ಮಣ್ಣಿನ ಅಥವಾ ಹಸಿ ಇಟ್ಟಿಗೆಯ ಗೋಡೆ ಮಳೆಯ ಹೊತ್ತಿನಲ್ಲೇ ಬೀಳಬೇಕೆಂದಿಲ್ಲ. ನೀರು ಮೆಲ್ಲಗೆ ಬುಡಕ್ಕೆ ಇಳಿದು, ಅಲ್ಲಿನ ಮಣ್ಣು ಮೆತ್ತಗಾಗಿ, ಬಿಸಿಲು ಬಂದು ಎಲ್ಲರೂ ನಿರಾಳರಾದ ಮೇಲೆ ಅದು ಕುಸಿಯಬಹುದು. ಮಾಡು ಹಾರಿದ ಮನೆಯಲ್ಲಿ ಅಪಾಯ ಇಮ್ಮಡಿ. ಗೋಡೆಯ ತಲೆ ಬಯಲಾಗಿ ನೀರು ಮೇಲಿನಿಂದಲೂ ಇಳಿಯುತ್ತದೆ, ಗೋಡೆಯನ್ನು ಹಿಡಿದಿಟ್ಟಿದ್ದ ಮಾಡಿನ ಕಟ್ಟೂ ಇಲ್ಲವಾಗಿರುತ್ತದೆ.

ಒದ್ದೆಯ ಗುರುತು ನೆಲದಿಂದ ಎಷ್ಟು ಎತ್ತರಕ್ಕೆ ಏರಿದೆ ಎಂಬುದನ್ನು ಮೊದಲು ಅಳೆಯಬೇಕು. ಬುಡದಲ್ಲಿ ಮಣ್ಣು ಕೊಚ್ಚಿಹೋಗಿ ಗೋಡೆ ತೆಳುವಾಗಿದೆಯೇ ಎಂದು ನೋಡಬೇಕು. ಗಾರೆಯವರ ತೂಗುಗುಂಡನ್ನು ಗೋಡೆಯ ತಲೆಯಿಂದ ಇಳಿಬಿಟ್ಟರೆ ಗೋಡೆ ವಾಲಿರುವುದು, ನಡುವೆ ಹೊಟ್ಟೆ ಬಿಟ್ಟಿರುವುದು ತಕ್ಷಣ ತಿಳಿಯುತ್ತದೆ. ದಾರಕ್ಕೆ ಕಲ್ಲು ಕಟ್ಟಿದರೂ ಸಾಕು. ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ನೇರ ಬಿರುಕು ಬಿಟ್ಟಿದ್ದರೆ ಗೋಡೆಗಳು ಒಂದನ್ನೊಂದು ಬಿಟ್ಟಿವೆ ಎಂದರ್ಥ. ಅಂತಹ ಗೋಡೆ ಒಂಟಿಯಾಗಿ ನಿಂತಿರುತ್ತದೆ.

ಎಲ್ಲ ಬಿರುಕುಗಳೂ ಅಪಾಯಕಾರಿಯಲ್ಲ. ಗಿಲಾವಿನ ಮೇಲಿನ ಕೂದಲೆಳೆಯಂತಹ ಗೆರೆಗಳು ಬಹುತೇಕ ಮನೆಗಳಲ್ಲಿ ಇದ್ದೇ ಇರುತ್ತವೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರಿದ, ನಾಣ್ಯ ತೂರುವಷ್ಟು ಅಗಲದ, ಗೋಡೆಯ ಒಳಹೊರಗೆ ಎರಡೂ ಕಡೆ ಕಾಣುವ ಬಿರುಕು ಗಂಭೀರ. ಹೊಸ ಬಿರುಕಿನ ಒಳಭಾಗ ಶುಭ್ರವಾಗಿದ್ದು ಅಂಚು ಚೂಪಾಗಿರುತ್ತದೆ. ಹಳೆಯದರಲ್ಲಿ ಧೂಳು, ಜೇಡರ ಬಲೆ, ಸುಣ್ಣ ಇಲ್ಲವೇ ಬಣ್ಣ ಸೇರಿಕೊಂಡಿರುತ್ತದೆ. ಸಂಶಯವಿದ್ದಲ್ಲಿ ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಅದರ ಮೇಲೆ ದಿನಾಂಕ ಬರೆದಿಡುವುದು. ಎರಡು ದಿನಗಳಲ್ಲಿ ಪಟ್ಟಿ ಹರಿದರೆ ಗೋಡೆ ಇನ್ನೂ ಚಲಿಸುತ್ತಿದೆ. ಖರ್ಚಿಲ್ಲದ ಈ ಉಪಾಯವನ್ನು ಇಂಜಿನಿಯರುಗಳೂ ಅನುಸರಿಸುತ್ತಾರೆ.

ತಾರಸಿ ಮನೆಗೆ ಗಾಳಿಯಿಂದ ಹೆಚ್ಚೇನೂ ಆಗದು ಎಂಬ ಭಾವನೆ ಬಹುಮಟ್ಟಿಗೆ ನಿಜ. ಆದರೂ ತಾರಸಿಯ ಪ್ಯಾರಾಪೆಟ್ ಗೋಡೆ, ಸಜ್ಜ, ಖಾಲಿಯಿದ್ದ ನೀರಿನ ಟ್ಯಾಂಕು, ಸೋಲಾರ್ ಹೀಟರು ಇವನ್ನು ನೋಡದೆ ಬರಬಾರದು. ಸಾವಿರ ಲೀಟರಿನ ತುಂಬಿದ ಟ್ಯಾಂಕು ಒಂದು ಟನ್ ತೂಗಿ ಅಲುಗದೆ ನಿಲ್ಲುತ್ತದೆ. ಖಾಲಿ ಟ್ಯಾಂಕು ಚೆಂಡಿನಂತೆ ಉರುಳುತ್ತದೆ. ಗಾಳಿಯ ಮುನ್ಸೂಚನೆ ಬಂದ ದಿನ ಟ್ಯಾಂಕು ತುಂಬಿಸಿಡಲು ಜನರಿಗೆ ತಿಳಿಹೇಳಬಹುದು.

ಮನೆಯ ಮೇಲೆ ಮರ ಬಿದ್ದಿದ್ದರೆ ಕತ್ತಿ ಗರಗಸಗಳನ್ನು ಹಿಡಿದ ಯುವಕರು ಮೊದಲೇ ಸೇರಿರುತ್ತಾರೆ. ಅವರ ಸದುದ್ದೇಶವನ್ನು ಒಂದು ಗಳಿಗೆ ತಡೆಹಿಡಿಯುವುದೂ ಸದಸ್ಯರ ಕೆಲಸ. ಒಳಗಿನಿಂದ ಮಾಡಿಗೆ ಊರುಗಂಬ ಕೊಟ್ಟ ಮೇಲೆಯೇ ಕೊಂಬೆಗಳನ್ನು ತುದಿಯಿಂದ ಆರಂಭಿಸಿ ಕಡಿಯಬೇಕು. ಬುಡವನ್ನೇ ಮೊದಲು ಕತ್ತರಿಸಿದರೆ ಬೇರಿನ ಹೆಂಟೆ ಹಿಂದಕ್ಕೆ ಮಗುಚುತ್ತದೆ, ಬಾಗಿ ಸಿಕ್ಕಿಕೊಂಡ ಕೊಂಬೆ ಬಿಲ್ಲಿನಂತೆ ಚಿಮ್ಮುತ್ತದೆ.

ಇಷ್ಟು ನೋಡಿದ ಬಳಿಕ ಮೊದಲ ಪ್ರಶ್ನೆಗೆ ಉತ್ತರ ಕೊಡಬಹುದು. ತೊಲೆ ಜಾರಿದ, ಗೋಡೆ ವಾಲಿದ, ಮೂಲೆ ಬಿಟ್ಟ ಅಥವಾ ಮಣ್ಣಿನ ಗೋಡೆಯ ಬುಡ ನೆನೆದ ಮನೆಯಲ್ಲಿ ಆ ರಾತ್ರಿ ಯಾರೂ ಮಲಗತಕ್ಕದ್ದಲ್ಲ. ಇದನ್ನು ಹೇಳುವುದು ಸುಲಭವಲ್ಲ. ‘ನಮ್ಮ ಅತ್ತೆ ಮಾವ ಬಾಳಿದ ಮನೆ, ಇಷ್ಟು ಮಳೆ ಕಂಡಿದೆ’ ಎನ್ನುವ ಅಜ್ಜಿಯನ್ನು ಎಬ್ಬಿಸುವುದು ಯಾವ ಅಧಿಕಾರಿಗೂ ಆಗದ ಕೆಲಸ, ಆ ವಾರ್ಡಿನ ಸದಸ್ಯರಿಗೆ ಆಗಬಹುದು. ಮನೆ ಬಿಡಲು ಜನ ಹಿಂಜರಿಯುವುದು ಬಹಳಷ್ಟು ಸಲ ಕೊಟ್ಟಿಗೆಯ ಹಸುವಿಗಾಗಿ, ಪಡಿತರದ ಅಕ್ಕಿಗಾಗಿ, ಬೀಗವಿಲ್ಲದ ಬಾಗಿಲಿಗಾಗಿ. ಹಸುವನ್ನು ಎಲ್ಲಿ ಕಟ್ಟುವುದು, ಅಕ್ಕಿಯನ್ನು ಎಲ್ಲಿಡುವುದು ಎಂಬುದಕ್ಕೆ ಉತ್ತರ ಸಿದ್ಧವಿಟ್ಟುಕೊಂಡು ಹೋದರೆ ಮಾತು ನಡೆಯುತ್ತದೆ. ಶಾಲೆ, ಸಮುದಾಯ ಭವನಗಳಿಗೆ ಕಳುಹಿಸುವ ಮುನ್ನ ಆ ಕಟ್ಟಡದ ಮಾಡನ್ನೂ ಇದೇ ಕ್ರಮದಲ್ಲಿ ನೋಡತಕ್ಕದ್ದು; ಅದೇ ಗಾಳಿ ಅಲ್ಲಿಯೂ ಬೀಸಿರುತ್ತದೆ.

ಈಗ ದಾಖಲೆಯ ವಿಷಯ. ಏನನ್ನೂ ಎತ್ತುವ, ಗುಡಿಸುವ ಮೊದಲು ಛಾಯಾಚಿತ್ರ ತೆಗೆಯುವುದು. ನಾಲ್ಕು ದಿಕ್ಕುಗಳಿಂದ ಇಡೀ ಮನೆ ಕಾಣುವಂತೆ, ಬಳಿಕ ಒಳಗಿನಿಂದ ಮಾಡು, ಬಳಿಕ ಪ್ರತಿ ಬಿರುಕು. ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಒಂದು ಚಿತ್ರದಲ್ಲಾದರೂ ಮನೆಯ ಸಂಖ್ಯೆ ಅಥವಾ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ ಕಾಣಲಿ. ಹತ್ತಿರದಿಂದ ತೆಗೆದ ಬಿರುಕಿನ ಚಿತ್ರ ಯಾವ ಮನೆಯದೆಂದು ಒಂದು ತಿಂಗಳ ಬಳಿಕ ತೆಗೆದವರಿಗೇ ನೆನಪಿರುವುದಿಲ್ಲ.

ಮಹಜರಿನಲ್ಲಿ ಹಾನಿಯ ದಿನ, ವೇಳೆ ಮತ್ತು ಕಾರಣವನ್ನು ಸ್ಪಷ್ಟವಾಗಿ ಬರೆಸಬೇಕು. ‘ಮಳೆಯಿಂದ ಹಾನಿ’ ಎಂಬ ಎರಡು ಪದ ಸಾಲದು. ವಿಪತ್ತು ಪರಿಹಾರ ನಿಧಿಯ ಕೇಂದ್ರ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು ಮಳೆ, ಮೇಘಸ್ಫೋಟ, ಭೂಕುಸಿತ ಮುಂತಾದವನ್ನು ಹೆಸರಿಸಲಾಗಿದೆ. ಅದರಾಚೆಯ ಸ್ಥಳೀಯ ವಿಪತ್ತುಗಳಿಗೆ ರಾಜ್ಯವು ನಿಧಿಯ ಶೇ 10ರವರೆಗೆ ಬಳಸಬಹುದು. ಆಲಿಕಲ್ಲು ಬಿದ್ದಿದ್ದರೆ, ಸಿಡಿಲು ಬಡಿದಿದ್ದರೆ, ಮರ ಉರುಳಿದ್ದರೆ ಹಾಗೆಯೇ ನಮೂದಿಸುವುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಅವುಗಳ ದತ್ತಾಂಶ ಮಹಜರಿಗೆ ಬಲವಾದ ಸಾಕ್ಷಿ.

2022-23ರಿಂದ 2025-26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ಮಾನದಂಡದಲ್ಲಿ ಸಂಪೂರ್ಣ ಅಥವಾ ತೀವ್ರ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಭಾಗಶಃ ಹಾನಿಯಾದಲ್ಲಿ, ಅದೂ ಕನಿಷ್ಠ ಶೇ 15ರಷ್ಟಾಗಿದ್ದರೆ, ಪಕ್ಕಾ ಮನೆಗೆ 6,500 ಮತ್ತು ಕಚ್ಚಾ ಮನೆಗೆ 4,000 ರೂಪಾಯಿ. ಗುಡಿಸಲಿಗೆ 8,000, ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000. ರಾಜ್ಯ ಸರ್ಕಾರವು ತನ್ನ ಪಾಲು ಸೇರಿಸಿ ಹೆಚ್ಚು ನೀಡಿದ ಸಂದರ್ಭಗಳಿವೆ. 2019ರ ಪ್ರವಾಹದ ಬಳಿಕ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಲಾಯಿತು. ಆಯಾ ವರ್ಷದ ಆದೇಶವನ್ನು ತಹಶೀಲ್ದಾರರ ಕಚೇರಿಯಿಂದ ಪಡೆದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವುದು ಉತ್ತಮ.

ಈ ಅಂಕಿಗಳನ್ನು ಮತ್ತೊಮ್ಮೆ ಗಮನಿಸಬೇಕು. ‘ಭಾಗಶಃ’ ಮತ್ತು ‘ತೀವ್ರ’ ಎಂಬ ಎರಡು ಪದಗಳ ನಡುವಿನ ಅಂತರ ಒಂದು ಲಕ್ಷಕ್ಕೂ ಅಧಿಕ. ಮಾಡು ಅರ್ಧ ನಿಂತಿದೆ ಎಂಬ ಕಾರಣಕ್ಕೆ ‘ಭಾಗಶಃ’ ಎಂದು ಬರೆದ ಮನೆಯ ಗೋಡೆಯ ಮೂಲೆಗಳು ಬಿಟ್ಟಿದ್ದರೆ, ಆ ಮನೆ ವಾಸಕ್ಕೂ ಇಲ್ಲ, ಪರಿಹಾರಕ್ಕೂ ಇಲ್ಲ. ಪ್ರಮಾಣವನ್ನು ನಿರ್ಧರಿಸುವವರು ಇಂಜಿನಿಯರರು. ಸದಸ್ಯರು ಶೇಕಡಾವಾರು ಹೇಳುವುದಾಗಲಿ, ಇಷ್ಟು ಹಣ ಬರುತ್ತದೆಂದು ಮಾತು ಕೊಡುವುದಾಗಲಿ ಸಲ್ಲದು. ಆದರೆ ವಾಲಿದ ಗೋಡೆ, ಜಾರಿದ ತೊಲೆ, ಮೂಲೆಯ ಬಿರುಕು ಅವರ ಗಮನಕ್ಕೆ ಬರುವಂತೆ ಮಾಡುವುದು, ಅವು ಮಹಜರಿನಲ್ಲಿ ಬಂದಿವೆಯೇ ಎಂದು ಸಹಿಗೆ ಮುನ್ನ ಓದಿಸಿ ಕೇಳುವುದು ಸದಸ್ಯರ ಹಕ್ಕು ಮತ್ತು ಹೊಣೆ. ಒಂದೇ ದಿನದಲ್ಲಿ ನಲವತ್ತು ಮನೆ ನೋಡಬೇಕಾದ ಅಧಿಕಾರಿಗೆ ಪ್ರತಿ ಮನೆಯ ಹಿಂಬದಿಗೂ ಹೋಗಲು ಸಮಯ ಸಿಗುವುದಿಲ್ಲ. ಅದೇ ಕಾರಣಕ್ಕೆ, ಹಳೆಯ ಬಿರುಕನ್ನು ಹೊಸದೆಂದು ತೋರಿಸುವ ಒತ್ತಾಯಕ್ಕೂ ಸದಸ್ಯರು ಮಣಿಯಬಾರದು. ಒಂದು ಸುಳ್ಳು ಪ್ರಕರಣ ಹೊರಬಿದ್ದರೆ ಇಡೀ ಊರಿನ ಪಟ್ಟಿ ಮರುಪರಿಶೀಲನೆಗೆ ಹೋಗಿ, ನಿಜವಾಗಿ ನಷ್ಟವಾದವರು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಖಾತೆ ಸತ್ತವರ ಹೆಸರಿನಲ್ಲಿರುವ, ಅಣ್ಣತಮ್ಮಂದಿರ ಪಾಲಾಗದ, ಇ-ಸ್ವತ್ತು ಆಗದ ಮನೆಗಳು ಪ್ರತಿ ಗ್ರಾಮದಲ್ಲೂ ಇವೆ. ಮಾನದಂಡವು ಅಧಿಕೃತ ಕಟ್ಟಡವನ್ನು ಕೇಳುತ್ತದೆ. ಅರ್ಹತೆಯನ್ನು ಕಂದಾಯ ಇಲಾಖೆ ತೀರ್ಮಾನಿಸುತ್ತದೆ. ಕಾಗದಪತ್ರವಿಲ್ಲವೆಂಬ ಕಾರಣಕ್ಕೆ ಮಹಜರನ್ನೇ ಮಾಡದೆ ಬಿಡಬಾರದು. ಹಾನಿಯ ದಾಖಲೆಯನ್ನು ಇಂದು ಮಾಡಿದರೆ ಪತ್ರಗಳನ್ನು ನಾಳೆ ಒದಗಿಸಬಹುದು, ಹಾನಿಯ ಗುರುತುಗಳನ್ನು ನಾಳೆ ಒದಗಿಸಲಾಗದು.

ರಿಪೇರಿ ಮಾಡಿದರೆ ಪರಿಹಾರ ಸಿಗದು ಎಂಬ ತಪ್ಪು ತಿಳಿವಳಿಕೆಯಿಂದ ವಾರಗಟ್ಟಲೆ ತೆರೆದ ಮಾಡಿನಡಿ ಕುಳಿತುಕೊಳ್ಳುವ ಕುಟುಂಬಗಳಿವೆ. ಛಾಯಾಚಿತ್ರ, ಅಳತೆಗಳಾದ ಕೂಡಲೇ ಟಾರ್ಪಾಲು ಹೊದಿಸಲು ಅವರಿಗೆ ಸ್ಪಷ್ಟವಾಗಿ ಹೇಳಬೇಕು. ತಡವಾದಷ್ಟೂ ಗೋಡೆ ನೆನೆಯುತ್ತದೆ. ಟಾರ್ಪಾಲು ನೆತ್ತಿಯನ್ನು ದಾಟಿ ಇನ್ನೊಂದು ಇಳಿಜಾರಿನವರೆಗೂ ಬರಬೇಕು, ಇಲ್ಲವಾದರೆ ನೆತ್ತಿಯಿಂದಲೇ ನೀರು ಒಳಗಿಳಿಯುತ್ತದೆ. ಹಗ್ಗವನ್ನು ಹೆಂಚಿಗೋ ಶೀಟಿಗೋ ಕಟ್ಟದೆ ಅಡಿಯ ಮರಕ್ಕೆ ಕಟ್ಟುವುದು. ಅಂಚಿಗೆ ಬಿಡಿ ಕಲ್ಲುಗಳ ಬದಲು ಮರಳು ತುಂಬಿದ ಚೀಲಗಳನ್ನು ಹಗ್ಗದಿಂದ ಜೋಡಿಸಿ ಇಳಿಬಿಡುವುದು.

ಮೂರನೆಯ ದಿನ, ಮತ್ತೆ ಮಳೆಯಾದರೆ ಅದರ ಮರುದಿನ, ಅದೇ ಮನೆಗಳಿಗೆ ಇನ್ನೊಮ್ಮೆ ಹೋಗಿಬರುವುದು ಅವಶ್ಯ. ಕಾಗದದ ಪಟ್ಟಿ ಹರಿದಿದೆಯೇ, ಒದ್ದೆಯ ಗುರುತು ಏರಿದೆಯೇ ಇಳಿದಿದೆಯೇ, ತೂಗುಗುಂಡಿನ ಅಳತೆ ಬದಲಾಗಿದೆಯೇ ಎಂಬುದನ್ನು ಮೊದಲ ಭೇಟಿಯ ಟಿಪ್ಪಣಿಯ ಪಕ್ಕದಲ್ಲೇ ಬರೆದು, ಬದಲಾವಣೆ ಇದ್ದಲ್ಲಿ ಪೂರಕ ಮಹಜರಿಗಾಗಿ ಗ್ರಾಮ ಆಡಳಿತಾಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಇದಕ್ಕಾಗಿ ಪ್ರತಿ ವಾರ್ಡಿಗೂ ಒಂದು ನೋಟುಪುಸ್ತಕ, ಅಳತೆಪಟ್ಟಿ ಮತ್ತು ತೂಗುಗುಂಡನ್ನು ಮೇ ತಿಂಗಳೊಳಗೆ ಪಂಚಾಯಿತಿ ಕಚೇರಿಯಲ್ಲಿ ತೆಗೆದಿರಿಸುವುದು.